ಮುಂದಿನ ಹಾಡನ್ನು ಆರಿಸಿದ್ದು ಯಾರು?

ರೇಡಿಯೊದಲ್ಲಿ ಹಾಡು ಶುರುವಾಗುವ ಮೊದಲು ನಾಲ್ಕು ಹೆಸರು ಬರುತ್ತಿದ್ದವು. ಚಿತ್ರ ಯಾವುದು, ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು. ನಮ್ಮ ಅವ್ವ ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಆದರೆ ಯಾವ ಹಾಡು ಚಿ. ಉದಯಶಂಕರ್ ಅವರದು, ಯಾವುದು ಆರ್. ಎನ್. ಜಯಗೋಪಾಲ್ ಅವರದು, ಯಾವುದು ವಿಜಯನಾರಸಿಂಹ ಅವರದು ಅಂತ ಪಲ್ಲವಿ ಕೇಳಿಯೇ ಹೇಳುತ್ತಿದ್ದಳು. ಹಾವೇರಿ ಕಡೆಯ ನಮ್ಮೂರಿಗೆ ಧಾರವಾಡ ಆಕಾಶವಾಣಿ ಚೆನ್ನಾಗಿ ಕೇಳಿಸುತ್ತಿತ್ತು. ರೊಟ್ಟಿ ಬಡಿಯುತ್ತಾ ಕೇಳಿದ ಹೆಸರುಗಳು ಅವಳಿಗೆ ಇವತ್ತಿಗೂ ಬಾಯಿಪಾಠ.

ಹೋದ ತಿಂಗಳು ಅವ್ವ ಬೆಂಗಳೂರಿಗೆ ಬಂದಿದ್ದಳು. ಸಂಜೆ ಫೋನಿನಲ್ಲಿ ಒಂದು ಹಳೆಯ ಹಾಡು ಹಾಕಿದೆ. ಅದು ಮುಗಿದ ಮೇಲೆ ಇನ್ನೊಂದು ತಾನಾಗಿಯೇ ಶುರುವಾಯಿತು. ನಾನು ಎಂದೂ ಕೇಳಿರದ ಹಾಡು, ತುಂಬ ಚೆನ್ನಾಗಿತ್ತು. ಅವ್ವ ಕೇಳಿದಳು: "ಇದನ್ನ ಬರದವ್ರು ಯಾರು?" ನೋಡಿದೆ. ಒಂದು ಚಿತ್ರ, ಇಂಗ್ಲಿಷ್ ಅಕ್ಷರದಲ್ಲಿ ಹಾಡಿನ ಹೆಸರು, ಗಾಯಕಿಯ ಹೆಸರು. ಅಷ್ಟೇ. "ಗೊತ್ತಿಲ್ಲವ್ವ" ಅಂದೆ. "ಮತ್ತ ಹಾಕಿದಾಂವ ನೀನೇ ಅಲ್ಲೇನು?"

ನಾನಲ್ಲ. ಹಾಗಾದರೆ ಆ ಹಾಡನ್ನು ಆರಿಸಿದ್ದು ಯಾರು? ನಮ್ಮ ಕಾಲದಲ್ಲಿ ಸಂಗೀತ ಕೇಳುವ ರೀತಿ ಎಷ್ಟು ಬದಲಾಗಿದೆ ಅನ್ನುವುದು ಈ ಒಂದು ಪ್ರಶ್ನೆಯೊಳಗೇ ಇದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಬಾಗಿಲಲ್ಲಿ ನಿಂತವರು

ಮೊದಲು ಹೊಸ ಹಾಡು ನಮ್ಮ ಕಿವಿಗೆ ಬೀಳಲು ಇದ್ದ ಬಾಗಿಲುಗಳು ಕೆಲವೇ. ಪ್ರತಿ ಬಾಗಿಲಲ್ಲೂ ಒಬ್ಬ ಮನುಷ್ಯ ನಿಂತಿರುತ್ತಿದ್ದ. 1935ರಲ್ಲಿ ಮೈಸೂರಿನ ಪ್ರೊ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರುಮಾಡಿದಾಗ ಯಾವ ಹಾಡು ಹಾಕಬೇಕು ಅನ್ನುವುದನ್ನು ಬೆರಳೆಣಿಕೆಯ ಜನ ತೀರ್ಮಾನಿಸುತ್ತಿದ್ದರು. ಮುಂದೆಯೂ ರೇಡಿಯೊ ಕೇಂದ್ರಗಳಲ್ಲಿ ನಡೆದದ್ದು ಹಾಗೆಯೇ.

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಬಾಗಿಲು ಕಾಯುವವರು ಬಾಗಿಲು ಮುಚ್ಚಲೂಬಹುದು. 1952ರಲ್ಲಿ ವಾರ್ತಾ ಮಂತ್ರಿಯಾಗಿದ್ದ ಬಿ. ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಕೇಳಿದರೆ ಜನರ ಅಭಿರುಚಿ ಕೆಡುತ್ತದೆ ಅನ್ನಿಸಿತು. ಸರ್ಕಾರಿ ರೇಡಿಯೊದಿಂದ ಚಿತ್ರಗೀತೆಗಳು ಮಾಯವಾದವು. ಕೇಳುಗರು ಸುಮ್ನೆ ಕೂರಲಿಲ್ಲ, ಶ್ರೀಲಂಕಾದ ರೇಡಿಯೊ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಶುರುಮಾಡಿ ಸಿನಿಮಾ ಹಾಡನ್ನು ಮತ್ತೆ ಒಳಗೆ ಕರೆದುಕೊಳ್ಳಬೇಕಾಯಿತು.

ಆಮೇಲೆ ಕ್ಯಾಸೆಟ್ ಬಂತು. ಎಂಬತ್ತರ ದಶಕದಲ್ಲಿ ಬಸ್ಸು, ಚಹಾದಂಗಡಿ, ಜಾತ್ರೆ, ಮದುವೆಮನೆ, ಎಲ್ಲೆಲ್ಲೂ ಕ್ಯಾಸೆಟ್. ನಮ್ಮ ಪೇಟೆಯ ಕ್ಯಾಸೆಟ್ ಅಂಗಡಿಯವರಿಗೆ ಯಾರ ಮನೆಯಲ್ಲಿ ಏನು ಕೇಳುತ್ತಾರೆ ಅಂತ ಗೊತ್ತಿತ್ತು. "ನಿಮ್ಮ ಅಪ್ಪಗ ಇದು ಹಿಡಸ್ತದ, ಒಯ್ಯಿ" ಅಂತ ಕೊಡುತ್ತಿದ್ದರು. ಖಾಲಿ ಕ್ಯಾಸೆಟ್ ಕೊಟ್ಟು ಹಾಡುಗಳ ಪಟ್ಟಿ ಬರೆದುಕೊಟ್ಟರೆ ತುಂಬಿಸಿಕೊಡುತ್ತಿದ್ದರು. ಕೊನೆಯಲ್ಲಿ ಜಾಗ ಉಳಿದರೆ ತಮಗೆ ಇಷ್ಟವಾದ ಹಾಡೊಂದನ್ನು ಸೇರಿಸುತ್ತಿದ್ದರು. ನಾನು ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ಮೊದಲು ಕೇಳಿದ್ದು ಹಾಗೆ, ಸಿನಿಮಾ ಹಾಡುಗಳ ಕ್ಯಾಸೆಟ್ಟಿನ ಬಾಲದಲ್ಲಿ.

ಕ್ಯಾಸೆಟ್ಟಿಗೆ ದುಡ್ಡು ಕೊಟ್ಟಿರುತ್ತಿದ್ದೆವು. ಹಾಗಾಗಿ ಹಿಡಿಸದ ಹಾಡನ್ನೂ ನಾಲ್ಕಾರು ಸಲ ಕೇಳುತ್ತಿದ್ದೆವು. ನಾಲ್ಕನೇ ಸಲಕ್ಕೆ ಅದು ಹಿಡಿಸುತ್ತಿತ್ತು. ಎಷ್ಟೋ ಭಾವಗೀತೆಗಳು ನನಗೆ ಒಲಿದದ್ದು ಹೀಗೆ, ನಿಧಾನಕ್ಕೆ.

760 ವರ್ಷದಷ್ಟು ಹಾಡು

ಸ್ಟ್ರೀಮಿಂಗ್, ಅಂದರೆ ಇಂಟರ್ನೆಟ್ಟಿನಿಂದ ನೇರವಾಗಿ ಹಾಡು ಕೇಳುವುದು, ಮಾಡಿದ ಮೊದಲ ಬದಲಾವಣೆ ಇದು: ಒಂದು ಹಾಡನ್ನು 'ನೋಡೋಣ' ಅಂತ ಕೇಳುವುದಕ್ಕೆ ಈಗ ಖರ್ಚೇ ಇಲ್ಲ. ಹಿಡಿಸದಿದ್ದರೆ ಹತ್ತು ಸೆಕೆಂಡು ಹೋಯಿತು, ಅಷ್ಟೇ. ಸ್ವೀಡನ್ನಿನಲ್ಲಿ 2008ರಲ್ಲಿ ಸ್ಪಾಟಿಫೈ ಅನ್ನುವ ಹಾಡಿನ ಸೇವೆ ಶುರುವಾಯಿತು. ನಮ್ಮಲ್ಲಿ ಸಾವನ್, ಗಾನಾ ಬಂದು ಕೆಲವು ವರ್ಷ ಆಗಿದ್ದರೂ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆಯೇ ಹಳ್ಳಿಹಳ್ಳಿಗೂ ಸ್ಟ್ರೀಮಿಂಗ್ ತಲುಪಿದ್ದು. 2019ರಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಭಾರತಕ್ಕೆ ಬಂದವು.

ದೊಡ್ಡ ಆ್ಯಪ್ ಒಂದರಲ್ಲಿ ಈಗ 10 ಕೋಟಿಗೂ ಜಾಸ್ತಿ ಹಾಡುಗಳಿವೆ. ಒಂದೊಂದೂ ನಾಲ್ಕು ನಿಮಿಷ ಅಂತಿಟ್ಟುಕೊಳ್ಳಿ. ನಿದ್ದೆ ಮಾಡದೆ ಹಗಲೂ ರಾತ್ರಿ ಕೇಳಿದರೂ ಮುಗಿಸಲು ಸುಮಾರು 760 ವರ್ಷ ಬೇಕು. ಅಂದರೆ ಯಾರಾದರೂ ಆರಿಸಿಕೊಡಲೇಬೇಕು. ಕ್ಯಾಸೆಟ್ ಅಂಗಡಿಯವರ ಜಾಗಕ್ಕೆ ಒಂದು ಲೆಕ್ಕಾಚಾರ ಬಂದು ಕೂತಿತು.

ಆ ಲೆಕ್ಕಾಚಾರ ಕೆಲಸ ಮಾಡುವುದು ಹೇಗೆ? ಕೇಳುವುದಕ್ಕೆ ಕಷ್ಟ ಅನ್ನಿಸಿದರೂ ಅದರ ತಿರುಳು ತುಂಬ ಸರಳ. ಒಂದು ದೊಡ್ಡ ಹಾಳೆ ಕಣ್ಣ ಮುಂದೆ ತಂದುಕೊಳ್ಳಿ. ಎಡಗಡೆ ಮೇಲಿನಿಂದ ಕೆಳಗೆ ಕೇಳುಗರ ಹೆಸರು, ಕೋಟಿಗಟ್ಟಲೆ. ಮೇಲ್ಗಡೆ ಅಡ್ಡಕ್ಕೆ ಹಾಡುಗಳ ಹೆಸರು, ಅದೂ ಕೋಟಿಗಟ್ಟಲೆ. ನೀವು ಒಂದು ಹಾಡು ಕೇಳಿದರೆ ನಿಮ್ಮ ಸಾಲಿನಲ್ಲಿ, ಆ ಹಾಡಿನ ಕೆಳಗೆ ಒಂದು ಗುರುತು ಬೀಳುತ್ತದೆ. ಪೂರ್ತಿ ಕೇಳಿದರೆ ಒಂದು ಥರ, ಅರ್ಧಕ್ಕೆ ಹಾರಿಸಿದರೆ ಇನ್ನೊಂದು ಥರ, ಉಳಿಸಿಕೊಂಡರೆ ಮತ್ತೊಂದು ಥರ. ಹಾಳೆಯ ಬಹುಪಾಲು ಖಾಲಿಯೇ ಇರುತ್ತದೆ. ನಮ್ಮಲ್ಲಿ ಯಾರೂ 10 ಕೋಟಿ ಹಾಡು ಕೇಳಿರುವುದಿಲ್ಲ, ಅಲ್ವಾ? ಆ ಖಾಲಿ ಮನೆಗಳಲ್ಲಿ ಏನು ಬರಬಹುದು ಅಂತ ಊಹಿಸುವುದೇ ಯಂತ್ರದ ಕೆಲಸ.

ಊಹೆಗೆ ಆಧಾರ ನಿಮ್ಮ ಅಕ್ಕಪಕ್ಕದವರು. ನೀವು ಕೇಳಿದ ನೂರು ಹಾಡುಗಳಲ್ಲಿ ಎಂಬತ್ತನ್ನು ಕೇಳಿರುವ ಬೇರೆ ಸಾವಿರಾರು ಜನ ಎಲ್ಲೋ ಇರುತ್ತಾರೆ. ಅವರೆಲ್ಲ ಮತ್ತೆಮತ್ತೆ ಕೇಳುವ, ನೀವು ಮಾತ್ರ ಕೇಳಿರದ ಹಾಡೊಂದಿದ್ದರೆ ಅದು ನಿಮಗೂ ಹಿಡಿಸಬಹುದು. ಇಷ್ಟೇ. ಆ ಜನ ಯಾರು ಅಂತ ನಿಮಗೆ ಗೊತ್ತಿಲ್ಲ. ಅವರಿಗೂ ನೀವು ಯಾರು ಅಂತ ಗೊತ್ತಿಲ್ಲ. ಅವ್ವನ ಪ್ರಶ್ನೆಗೆ ನಿಜವಾದ ಉತ್ತರ ಇದು: ಆ ಹಾಡನ್ನು ಆರಿಸಿದ್ದು, ತಾವು ಆರಿಸುತ್ತಿದ್ದೇವೆ ಅಂತಲೂ ಗೊತ್ತಿಲ್ಲದ ಸಾವಿರಾರು ಅಪರಿಚಿತರು.

ಹಾಳೆ ಬಹಳ ದೊಡ್ಡದಾದ್ದರಿಂದ ಯಂತ್ರ ಅದನ್ನು ಒಂದು ನಕ್ಷೆಯಾಗಿ ಮಡಚಿಕೊಳ್ಳುತ್ತದೆ. ಊರಿಗೆ ಅಕ್ಷಾಂಶ, ರೇಖಾಂಶ ಇರುವ ಹಾಗೆ ಪ್ರತಿ ಹಾಡಿಗೂ ಅಂಕಿಗಳು. ಎರಡೇ ಅಲ್ಲ, ಹತ್ತಾರು, ಕೆಲವೊಮ್ಮೆ ನೂರಾರು. ಒಟ್ಟಿಗೆ ಕೇಳಿಸಿಕೊಳ್ಳುವ ಹಾಡುಗಳು ನಕ್ಷೆಯಲ್ಲಿ ಹತ್ತಿರ ಬರುತ್ತವೆ. ಸಾಮಾನ್ಯ ಜನ ಮಾಡಿದ ಪ್ಲೇಲಿಸ್ಟ್‌ಗಳೂ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಒಂದು ವಾಕ್ಯದಲ್ಲಿ ಅಕ್ಕಪಕ್ಕ ಬರುವ ಪದಗಳಿಗೆ ಏನೋ ಸಂಬಂಧ ಇರುತ್ತದಲ್ಲ, ಹಾಗೆ ಒಂದು ಪ್ಲೇಲಿಸ್ಟ್‌ನಲ್ಲಿ ಜತೆಗಿರುವ ಹಾಡುಗಳಿಗೂ ಸಂಬಂಧ ಇದೆ ಅಂತ ಲೆಕ್ಕ. ನನಗೆ ತುಂಬ ಸೋಜಿಗವೆನಿಸುವುದು ಇದು: ಭಾವಗೀತೆ ಅಂದರೇನು ಅಂತ ಯಂತ್ರಕ್ಕೆ ಯಾರೂ ಹೇಳಿಕೊಡದಿದ್ದರೂ ಅವು ನಕ್ಷೆಯ ಒಂದು ಮೂಲೆಯಲ್ಲಿ ತಾವಾಗಿಯೇ ಗುಂಪುಗೂಡಬಲ್ಲವು. ಕೇಳುಗರ ಅಭ್ಯಾಸವೇ ಅವನ್ನು ಒಂದೆಡೆ ಸೇರಿಸುತ್ತದೆ.

2015ರ ಜುಲೈನಲ್ಲಿ ಸ್ಪಾಟಿಫೈ ಪ್ರತಿ ಸೋಮವಾರ ಒಬ್ಬೊಬ್ಬ ಕೇಳುಗರಿಗೂ ಬೇರೆಬೇರೆ 30 ಹಾಡು ಕೊಡುವ ಪಟ್ಟಿಯನ್ನು ಶುರುಮಾಡಿದಾಗ ಜನ ಬೆರಗಾದದ್ದು ಇದೇ ಕಾರಣಕ್ಕೆ. ನನ್ನ ಮನಸ್ಸು ಇದಕ್ಕೆ ಹೇಗೆ ಗೊತ್ತಾಯಿತು ಅನ್ನಿಸುತ್ತಿತ್ತು. ಗೊತ್ತಿದ್ದದ್ದು ಮನಸ್ಸಲ್ಲ, ನೆರೆಹೊರೆ.

ಈ ವಿಧಾನಕ್ಕೆ ಒಂದು ದೊಡ್ಡ ತೊಡಕಿದೆ. ನಿನ್ನೆ ಬಂದ ಹಾಡನ್ನು ಇನ್ನೂ ಯಾರೂ ಕೇಳಿಲ್ಲ. ಗುರುತೇ ಇಲ್ಲದ ಹಾಡಿಗೆ ನೆರೆಹೊರೆ ಎಲ್ಲಿಂದ ಬರಬೇಕು? ಅದಕ್ಕೇ ಯಂತ್ರ ಹಾಡಿನ ಸದ್ದನ್ನೂ ಕೇಳಿ ನೋಡುತ್ತದೆ. ಲಯ ಎಷ್ಟು ವೇಗ, ದನಿ ಎಷ್ಟು, ವಾದ್ಯ ಎಷ್ಟು, ಯಾವ ಸ್ವರದ ಮೇಲೆ ನಿಂತಿದೆ. 2005ರಲ್ಲಿ ಅಮೆರಿಕದಲ್ಲಿ ಶುರುವಾದ ಎಕೋ ನೆಸ್ಟ್ ಅನ್ನುವ ಕಂಪನಿ ಈ ಕೆಲಸದಲ್ಲಿ ಪಳಗಿತ್ತು. 2014ರಲ್ಲಿ ಅದನ್ನು ಸ್ಪಾಟಿಫೈ ಕೊಂಡುಕೊಂಡಿತು. ಪಂಡೋರಾ ಅನ್ನುವ ಇನ್ನೊಂದು ಅಮೆರಿಕನ್ ಕಂಪನಿ ಇದೇ ಕೆಲಸಕ್ಕೆ ಸಂಗೀತ ಕಲಿತ ಜನರನ್ನೇ ಕೂರಿಸಿತ್ತು. ಅವರು ಒಂದು ಹಾಡು ಕೇಳಿ ನೂರಾರು ಗುಣಗಳಿಗೆ ಅಂಕ ಹಾಕುತ್ತಿದ್ದರು. ಕಿವಿಯಿಂದ ಮಾಡಿದ ಆ ಕೆಲಸದ ಬಗ್ಗೆ ನನಗೆ ತುಂಬ ಗೌರವ.

ಹಳೆಯ ಹಾಡು ಎದ್ದು ಬಂದದ್ದು

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಜಪಾನಿನ ಗಾಯಕಿ ಮರಿಯಾ ತಾಕೆಉಚಿ ಅವರ 'ಪ್ಲಾಸ್ಟಿಕ್ ಲವ್' 1984ರ ಹಾಡು. ಜಪಾನಿನ ಹೊರಗೆ ಅದನ್ನು ಬಲ್ಲವರು ಕಡಿಮೆ. 2017ರಲ್ಲಿ ಯಾರೋ ಒಬ್ಬರು ಅದನ್ನು ಯೂಟ್ಯೂಬಿಗೆ ಹಾಕಿದರು. ಯೂಟ್ಯೂಬ್ ಅದನ್ನು ಜಗತ್ತಿನ ಮೂಲೆಮೂಲೆಯ ಜನರ ಪರದೆಯ ಬದಿಗೆ ತಂದು ನಿಲ್ಲಿಸಿತು. ಜಪಾನಿ ಭಾಷೆಯ ಒಂದಕ್ಷರ ಬಾರದ ಲಕ್ಷಾಂತರ ಜನ ಅದನ್ನು ಕೇಳಿ ಮರುಳಾದರು. ಎಂಬತ್ತರ ದಶಕದ ಜಪಾನಿ ಪಾಪ್ ಸಂಗೀತಕ್ಕೆ ಹೊಸ ಜೀವ ಬಂತು. ಯಾವ ರೇಡಿಯೊ ಕೇಂದ್ರವೂ, ಯಾವ ಕ್ಯಾಸೆಟ್ ಅಂಗಡಿಯೂ ಇದನ್ನು ಮಾಡಲಾಗುತ್ತಿರಲಿಲ್ಲ.

ಇನ್ನೊಂದು ಸಂಗತಿ ಇನ್ನೂ ಕುತೂಹಲದ್ದು. ಅಮೆರಿಕದ ಪೇವ್‌ಮೆಂಟ್ ಅನ್ನುವ ರಾಕ್ ತಂಡ 'ಹಾರ್ನೆಸ್ ಯುವರ್ ಹೋಪ್ಸ್' ಹಾಡನ್ನು ತನ್ನ ಆಲ್ಬಮ್ಮಿನಿಂದ ಬಿಟ್ಟು, 1999ರಲ್ಲಿ ಒಂದು ಚಿಕ್ಕ ಗಾನತಟ್ಟೆಯ ಮೂಲೆಯಲ್ಲಿ ಸೇರಿಸಿತ್ತು. ಸ್ಪಾಟಿಫೈನಲ್ಲಿ ಆ ತಂಡದ ಅತಿ ಹೆಚ್ಚು ಕೇಳಿಸಿಕೊಂಡ ಹಾಡಾಗಿ ಬೆಳೆದದ್ದು ಅದೇ. 2017ರಲ್ಲಿ ಹಾಡು ಮುಗಿದ ಮೇಲೆ ತಾನಾಗಿಯೇ ಇನ್ನೊಂದು ಶುರುವಾಗುವ ಏರ್ಪಾಡು ಎಲ್ಲ ಕೇಳುಗರಿಗೂ ಬಂದಿತ್ತು. ಅದೇ ಕಾಲದಲ್ಲಿ ಗ್ಯಾಲಕ್ಸಿ 500 ಅನ್ನುವ ಇನ್ನೊಂದು ಹಳೆಯ ತಂಡದ ಒಂದು ಹಾಡಿಗೂ ಹೀಗೆಯೇ ಆಯಿತು. ಅದರಲ್ಲಿ ಡ್ರಮ್ ಬಾರಿಸುತ್ತಿದ್ದ ಡೇಮನ್ ಕ್ರುಕೋವ್‌ಸ್ಕಿ ಇದನ್ನು ಬೆನ್ನುಹತ್ತಿ ನೋಡಿದರು. ಅವರಿಗೆ ಹೊಳೆದದ್ದು ಇದು: ಆ ಹಾಡು ಅವರ ತಂಡದ ಬೇರೆ ಹಾಡುಗಳ ಹಾಗೆ ಕೇಳಿಸುವುದಿಲ್ಲ. ಬೇರೆಯವರ ಹಾಡುಗಳ ಹಾಗೆ ಕೇಳಿಸುತ್ತದೆ. ಅದಕ್ಕೇ ಬೇರೆಯವರ ಹಾಡಿನ ಹಿಂದೆ ಅದು ಸಲೀಸಾಗಿ ಕೂರುತ್ತದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಯಾರ ಹಾಗೂ ಇಲ್ಲದಿರುವುದರಿಂದಲೇ ನಾವು ಕೆಲವು ಕಲಾವಿದರನ್ನು ಪ್ರೀತಿಸುತ್ತೇವೆ. ಯಂತ್ರ ಮುಂದಕ್ಕೆ ತಳ್ಳುವುದು ಅದೇ ಕಲಾವಿದರ ಹಾಡುಗಳಲ್ಲಿ ಎಲ್ಲರ ಹಾಗೆ ಇರುವ ಒಂದನ್ನು.

ಜನಪ್ರಿಯತೆಯ ವಿಷಯ ಬೇರೆಯೇ ಇದೆ. 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಸಲ್ಗಾನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಹೆಸರಿಲ್ಲದ ತಂಡಗಳ 48 ಹಾಡು, 14,000ಕ್ಕೂ ಹೆಚ್ಚು ಕೇಳುಗರು. ಕೆಲವರಿಗೆ ಬರೀ ಹಾಡುಗಳನ್ನು ತೋರಿಸಿದರು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತಲೂ ತೋರಿಸಿದರು. ಎಣಿಕೆ ಕಾಣುತ್ತಿದ್ದ ಗುಂಪುಗಳಲ್ಲಿ ಗೆದ್ದ ಹಾಡು ಇನ್ನೂ ದೊಡ್ಡದಾಗಿ ಗೆದ್ದಿತು, ಸೋತದ್ದು ಇನ್ನೂ ಹಿಂದೆ ಬಿತ್ತು. ಗೆಲ್ಲುವುದು ಯಾವುದು ಅನ್ನುವುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಅಂದರೆ ಮೊದಲು ಬಂದ ನಾಲ್ಕು ಜನ ಯಾವುದನ್ನು ಒತ್ತಿದರು ಅನ್ನುವುದಕ್ಕೂ ಹಾಡಿನ ಹಣೆಬರಹಕ್ಕೂ ಸಂಬಂಧ ಇದೆ. ಈ ಮಾತನ್ನು ಇವತ್ತಿನ ಆ್ಯಪ್‌ಗಳ ಅಳತೆಗೆ ಹಿಗ್ಗಿಸಿ ನೋಡಿ. ಯಾವ ಹಾಡನ್ನು ಎಷ್ಟು ಜನ ಕೇಳಿದರು ಅಂತ ಎಣಿಸುವ ಲೂಮಿನೇಟ್ ಸಂಸ್ಥೆಯ 2023ರ ಲೆಕ್ಕದಲ್ಲಿ ಸ್ಟ್ರೀಮಿಂಗ್ ಸೇವೆಗಳಲ್ಲಿದ್ದ 18.4 ಕೋಟಿ ಧ್ವನಿಮುದ್ರಣಗಳ ಪೈಕಿ 4.56 ಕೋಟಿಯನ್ನು ಆ ವರ್ಷ ಒಬ್ಬರೂ ಕೇಳಿರಲಿಲ್ಲ.

ನಾವು ಯಂತ್ರಕ್ಕೆ ಬಿಟ್ಟಷ್ಟೂ ನಮ್ಮ ದಾರಿ ಕಿರಿದಾಗುವ ಸಂಭವವೂ ಇದೆ. ಸ್ಪಾಟಿಫೈನ ಸಂಶೋಧಕರೇ ಸೇರಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರ ಸೂಚಿಸಿದ್ದನ್ನೇ ಕೇಳುವಾಗ ವೈವಿಧ್ಯ ಕಡಿಮೆ ಇರುವುದು ಕಂಡುಬಂತು. ಕಾಲ ಕಳೆದ ಹಾಗೆ ಬಗೆಬಗೆಯ ಸಂಗೀತಕ್ಕೆ ತೆರೆದುಕೊಂಡವರು ತಾವೇ ಹುಡುಕಿ ಕೇಳುವುದನ್ನು ಜಾಸ್ತಿ ಮಾಡಿದ್ದರು.

ದುಡ್ಡಿನ ಮಾತನ್ನೂ ಹೇಳಿಬಿಡಬೇಕು. ಸಂಭಾವನೆಯ ಲೆಕ್ಕಕ್ಕೆ ಸ್ಪಾಟಿಫೈನಲ್ಲಿ 30 ಸೆಕೆಂಡು ಕೇಳಿದರೆ ಒಂದು ಎಣಿಕೆ. ಮೂರು ನಿಮಿಷದ ಹಾಡಿಗೂ ಒಂದೇ, ಹಿಂದೂಸ್ತಾನಿ ಸಂಗೀತದ ನಲವತ್ತು ನಿಮಿಷದ ಖ್ಯಾಲಿಗೂ ಒಂದೇ. ಧಾರವಾಡದ ಕಡೆಯವನಾದ ನನಗೆ ಇದು ತುಂಬ ನೋವಿನ ಸಂಗತಿ. ಗಂಗೂಬಾಯಿ ಹಾನಗಲ್ ವಿಲಂಬಿತದಲ್ಲಿ ಒಂದು ರಾಗವನ್ನು ಸ್ವರಸ್ವರವಾಗಿ ಕಟ್ಟುತ್ತಾ ಹೋಗುವಾಗ 30 ಸೆಕೆಂಡಿಗೆ ಇನ್ನೂ ಷಡ್ಜವೇ ಮನೆ ತುಂಬಿರುವುದಿಲ್ಲ. ಮೊದಲ ಅರ್ಧ ನಿಮಿಷದಲ್ಲೇ ಹಿಡಿಯಬೇಕು ಅನ್ನುವ ಪದ್ಧತಿಯಲ್ಲಿ ಇಂಥ ಸಂಗೀತ ಹೊಸ ಕಿವಿಗೆ ಬೀಳುವುದು ಕಷ್ಟ. ಜತೆಗೆ 2020ರಿಂದ ಇನ್ನೊಂದು ಏರ್ಪಾಡು ಬಂದಿದೆ. ಕಲಾವಿದರು ಕಡಿಮೆ ಸಂಭಾವನೆಗೆ ಒಪ್ಪಿದರೆ, ತಾನಾಗಿಯೇ ಬರುವ ಹಾಡುಗಳ ನಡುವೆ ಅವರ ಹಾಡಿಗೆ ಸ್ವಲ್ಪ ಹೆಚ್ಚು ಅವಕಾಶ. ಕೇಳುಗರಾದ ನಮಗೆ ಇದು ಗೊತ್ತಿರಬೇಕು.

ಗುಡುಗುಡಿಯಿಂದ ಕೋಳಿಯವರೆಗೆ

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಅವ್ವ ಕೇಳಿದ ಪ್ರಶ್ನೆ. ಬರೆದವರು ಯಾರು?

ಶಿಶುನಾಳ ಶರೀಫರು ನಮ್ಮ ಜಿಲ್ಲೆಯವರು. 1819ರಿಂದ 1889ರವರೆಗೆ ಬದುಕಿದ್ದವರು. ಅವರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ರಘು ದೀಕ್ಷಿತ್ ಗಿಟಾರ್, ಡ್ರಮ್ ಜತೆ ಹಾಡಿದ್ದಾರೆ. 'ಕೋಡಗನ ಕೋಳಿ ನುಂಗಿತ್ತ' ಪದವನ್ನು ಸಿ. ಅಶ್ವತ್ಥ್ ಹಾಡಿದ್ದಾರೆ. ಈಗ ಇಪ್ಪತ್ತರ ಹರೆಯದ ಹುಡುಗಿಯೊಬ್ಬಳು ಮೊದಲ ಹಾಡನ್ನು ಕೇಳಿ ಇಷ್ಟಪಟ್ಟಳು ಅಂದುಕೊಳ್ಳಿ. ಅವಳು ಎರಡನೆಯದಕ್ಕೆ ಹೋಗಬೇಕಾದ ದಾರಿ ಶರೀಫರ ಮೂಲಕ. ಆದರೆ ನೆರೆಹೊರೆಯ ಲೆಕ್ಕದಲ್ಲಿ ಮೊದಲ ಹಾಡಿನ ಪಕ್ಕ ಇರುವುದು ಸಾಮಾನ್ಯವಾಗಿ ಬೇರೆ ಬ್ಯಾಂಡ್‌ಗಳ ಹಾಡು. ಸದ್ದಿನ ಲೆಕ್ಕದಲ್ಲೂ ಅಷ್ಟೇ. ಗಿಟಾರಿಗೆ ಗಿಟಾರೇ ಹತ್ತಿರ. ಈ ಎರಡು ಹಾಡುಗಳನ್ನು ಜೋಡಿಸುವ ಎಳೆ, ಪದ ಕಟ್ಟಿದ ಕವಿ. ಆ ಹೆಸರು ಮೂರು ಚುಕ್ಕಿ ಒತ್ತಿ ಒಳಗೆ ಹೋದರೆ ಎಲ್ಲೋ ಇರುತ್ತದೆ, ಎಷ್ಟೋ ಸಲ ಇರುವುದೇ ಇಲ್ಲ.

ಇದ್ದರೂ ಇಂಗ್ಲಿಷ್ ಅಕ್ಷರದಲ್ಲಿ. ಶರೀಫ, ಶರೀಫ್, ಷರೀಫ ಅಂತ ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ತುಂಬಿಸಿರುತ್ತಾರೆ. ಯಂತ್ರದ ಪಾಲಿಗೆ ಕಾಗುಣಿತ ಬದಲಾದರೆ ಮನುಷ್ಯನೇ ಬೇರೆ. ಪ್ರತಿ ಧ್ವನಿಮುದ್ರಣಕ್ಕೂ 12 ಅಕ್ಷರ-ಅಂಕಿಗಳ ಒಂದು ಅಂತಾರಾಷ್ಟ್ರೀಯ ಗುರುತು ಸಂಖ್ಯೆ ಇರುತ್ತದೆ. ಆದರೆ ಅದು ಧ್ವನಿಮುದ್ರಣವನ್ನು ಗುರುತಿಸುತ್ತದೆ, ಕವಿಯನ್ನಲ್ಲ. ನಮ್ಮಲ್ಲಿ ಹಾಡಿಗೆ ಬೇರೆ ಹೆಸರೂ ಇರುವುದಿಲ್ಲ, ಮೊದಲ ಸಾಲೇ ಹೆಸರು. ಆ ಸಾಲನ್ನು ಒಬ್ಬರು ಒಂದು ಪದಕ್ಕೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಮೂರು ಪದಕ್ಕೆ. ಹಾಡು ಆ್ಯಪ್‌ನಲ್ಲಿ ಇದ್ದೇ ಇರುತ್ತದೆ, ಹುಡುಕಿದವರಿಗೆ ಸಿಗುವುದಿಲ್ಲ.

ಕನ್ನಡದ ಹಾಡಿಗೆ ಇದರಿಂದ ಆಗುವ ನಷ್ಟ ಜಾಸ್ತಿ. ಭಾವಗೀತೆ, ವಚನ, ದಾಸರ ಪದ, ತತ್ವಪದ, ಇವನ್ನೆಲ್ಲ ನಾವು ಕವಿಯ ಹೆಸರಿನಿಂದಲೇ ನೆನಪಿಟ್ಟುಕೊಂಡವರು. ಬೇಂದ್ರೆಯವರ ಹಾಡು ಅನ್ನುತ್ತೇವೆ, ಕೆ. ಎಸ್. ನರಸಿಂಹಸ್ವಾಮಿಯವರ ಹಾಡು ಅನ್ನುತ್ತೇವೆ. ಹಾಡಿದವರ ಹೆಸರು ಆಮೇಲೆ. ಆ್ಯಪ್‌ಗಳ ಕಪಾಟನ್ನು ಜೋಡಿಸಿರುವುದು ಗಾಯಕರ ಹೆಸರಿನಲ್ಲಿ. ಕಂಪನಿಗಳು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವೇನಲ್ಲ. ಹಳೆಯ ಕ್ಯಾಸೆಟ್ಟುಗಳ ಒಳಗಿನ ಕಾಗದದಲ್ಲಿ ಕವಿ, ಗಾಯಕರು, ಎಷ್ಟೋ ಸಲ ತಬಲಾ ಕೊಳಲಿನವರ ಹೆಸರೂ ಅಚ್ಚಾಗಿವೆ. ಅದನ್ನು ನೋಡಿ ಕನ್ನಡದಲ್ಲೇ ತುಂಬಿಸಿದರೆ ಸಾಕು.

ಅಲ್ಲಿಯವರೆಗೆ ನಾನು ಮಾಡುವುದು ಇಷ್ಟು. ಕೇಳಲೇಬೇಕು ಅಂತ ಕೂತಾಗ ತಾನಾಗಿಯೇ ಮುಂದಿನ ಹಾಡು ಬರುವುದನ್ನು ನಿಲ್ಲಿಸಿಬಿಡುತ್ತೇನೆ. ಮಗುವನ್ನು ಮಲಗಿಸಲು ಹಾಕುವ ಹಾಡುಗಳಿಗೆ ಬೇರೆ ಖಾತೆ ಇಟ್ಟಿದ್ದೇನೆ, ಇಲ್ಲದಿದ್ದರೆ ಯಂತ್ರ ನನ್ನನ್ನೂ ಎರಡು ವರ್ಷದವನು ಅಂದುಕೊಳ್ಳುತ್ತದೆ. ಒಂದು ಹಾಡು ಹಿಡಿಸಿದರೆ ಅದೇ ಪದವನ್ನು ಬೇರೆ ಯಾರು ಹಾಡಿದ್ದಾರೆ ಅಂತ ಮೊದಲ ಸಾಲನ್ನು ಎರಡು ಮೂರು ಕಾಗುಣಿತದಲ್ಲಿ ಹಾಕಿ ಹುಡುಕುತ್ತೇನೆ. ಹೀಗೆ ಹುಡುಕಿದಾಗ ಸಿಕ್ಕ ಹಾಡುಗಳ ಖುಷಿಯೇ ಬೇರೆ. ಯಂತ್ರ ಕೊಟ್ಟದ್ದನ್ನೂ ಬಿಡುವುದಿಲ್ಲ. ಆ ಸಂಜೆ ಬಂದ ಹಾಡು ಈಗ ನನ್ನ ಅಚ್ಚುಮೆಚ್ಚು.

ತಂಗಿಯ ಮಗಳಿಗಾಗಿ ಒಂದು ಪ್ಲೇಲಿಸ್ಟ್ ಮಾಡುತ್ತಿದ್ದೇನೆ. ಗುಡುಗುಡಿಯಿಂದ ಶುರುವಾಗಿ ಕೋಳಿಗೆ ಹೋಗಿ, ಅಲ್ಲಿಂದ ಬೇಂದ್ರೆ, ಹಳೆಯ ಸಿನಿಮಾ, ಕೊನೆಗೆ ಮನ್ಸೂರರ ಒಂದು ವಚನ. ವಿವರ ಬರೆಯುವ ಪುಟ್ಟ ಜಾಗದಲ್ಲಿ ಬರೆದವರ, ಹಾಡಿದವರ ಹೆಸರುಗಳನ್ನು ಕನ್ನಡದಲ್ಲೇ ತುಂಬಿಸಿದ್ದೇನೆ. ಒಟ್ಟು ಹತ್ತೊಂಬತ್ತು ಹಾಡು. ಅದರಲ್ಲಿ ಎರಡನ್ನು ಬರೆದವರು ಇನ್ನೂ ಸಿಕ್ಕಿಲ್ಲ. ಭಾನುವಾರ ಅವ್ವನಿಗೆ ಫೋನಿನಲ್ಲಿ ಕೇಳಿಸಬೇಕು.